ನೂಲಿಗೆ ಒಂದು ಬೆಲೆ, ಕಾಗದಕ್ಕೆ ಇನ್ನೊಂದು

ನಮ್ಮ ಮುಂಬಯಿ ಕನ್ನಡಿಗರಲ್ಲಿ ‘ಕಲಾವಿದರು’ ಅಂದರೆ ಯಾರು ಯಾರು ಅನ್ನೋ ಪಟ್ಟಿ ಎಲ್ಲರಿಗೂ ಗೊತ್ತಿದ್ದದ್ದೇ. ಯಕ್ಷಗಾನದವರು, ನಾಟಕದವರು, ಹಾಡುವವರು, ಆಮೇಲೆ ಗೋಡೆಗೆ ತೂಗುಹಾಕುವಂಥ ಚಿತ್ರ ಬರೆಯುವವರು. ರಾಜ್ಯೋತ್ಸವ ಬಂದರೆ ಇವರನ್ನು ಕರೆದು ಕೂರಿಸಿ ಶಾಲು ಹೊದಿಸುತ್ತೇವೆ. ಆ ಶಾಲು ನೇಯ್ದವರು ಯಾರು ಅಂತ ಮಾತ್ರ ಇಲ್ಲಿಯವರೆಗೆ ಯಾವ ಸಭೆಯಲ್ಲೂ ಯಾರೂ ಕೇಳಿದ್ದು ನಾನು ಕಂಡಿಲ್ಲ. ನೇಯ್ಗೆ ಕಸುಬು, ಚಿತ್ರ ಕಲೆ. ಇಷ್ಟು ಸಲೀಸಾಗಿ ನಾವು ಗೆರೆ ಎಳೆದುಬಿಟ್ಟಿದ್ದೇವೆ.

ಈ ಗೆರೆ ಸುಳ್ಳು ಅಂತ ನನ್ನ ವಾದ. ಅದಕ್ಕೆ ಸಾಕ್ಷಿಯಾಗಿ ದೂರದ ಒಬ್ಬ ಹೆಣ್ಣುಮಗಳನ್ನು ಕರೆತರುತ್ತಿದ್ದೇನೆ. ಹೆಸರು ಆನಿ ಆಲ್ಬರ್ಸ್. ಹುಟ್ಟಿದ್ದು ಬರ್ಲಿನ್‌ನಲ್ಲಿ, 1899ರಲ್ಲಿ. ತೀರಿಕೊಂಡದ್ದು 1994ರಲ್ಲಿ, ಅಮೆರಿಕದ ಕನೆಕ್ಟಿಕಟ್ ರಾಜ್ಯದ ಆರೆಂಜ್ ಅನ್ನೋ ಸಣ್ಣ ಊರಲ್ಲಿ. ನಡುವಿನ ತೊಂಬತ್ತನಾಲ್ಕು ವರ್ಷಗಳಲ್ಲಿ ಆಕೆ ಬಟ್ಟೆ ನೇಯ್ದಳು, ಪಾಠ ಹೇಳಿದಳು, ಆಭರಣ ಮಾಡಿದಳು, ಪುಸ್ತಕ ಬರೆದಳು, ಕೊನೆಗೆ ಮಗ್ಗ ಬಿಟ್ಟು ಅಚ್ಚಿನ ಚಿತ್ರಗಳಿಗೆ ಇಳಿದಳು. ಊರು ಬಿಟ್ಟು ಬದುಕು ಕಟ್ಟಿಕೊಂಡ ನಮ್ಮಂಥವರಿಗೆ ಆಕೆಯ ಕತೆಯಲ್ಲಿ ಕಲಿಯುವುದು ಬಹಳ ಇದೆ. ಮೆಚ್ಚಿಕೊಂಡು ಸುಮ್ಮನಾಗುವ ಕತೆ ಅಲ್ಲ ಇದು, ಸ್ವಲ್ಪ ಚುಚ್ಚುತ್ತದೆ ಕೂಡ.

ಮೊದಲಿಂದ ಹೇಳುತ್ತೇನೆ. ಆನಿಯ ತಂದೆಯದು ಪೀಠೋಪಕರಣಗಳ ವ್ಯಾಪಾರ, ತಾಯಿಯ ಕಡೆಯವರು ದೊಡ್ಡ ಪ್ರಕಾಶಕರು. ಅನುಕೂಲಸ್ಥ ಯಹೂದಿ ಮೂಲದ ಮನೆತನ. ಚಿತ್ರ ಕಲಿಯಬೇಕು ಅಂತ ಹಟ ಹಿಡಿದು 1922ರಲ್ಲಿ ವೈಮಾರ್‌ನ ಬೌಹೌಸ್ ಸೇರಿದಳು. 1919ರಲ್ಲಿ ಶುರುವಾದ ಈ ಶಾಲೆ ಆ ಕಾಲಕ್ಕೆ ಬಹಳ ಮುಂದುವರಿದದ್ದು. ಗಂಡು ಹೆಣ್ಣು ಎಂಬ ಭೇದ ನಮ್ಮಲ್ಲಿಲ್ಲ ಅಂತ ಅವರು ಸಾರಿಕೊಂಡಿದ್ದರು. ಆದರೆ ಹುಡುಗಿಯರು ಹಿಂಡುಹಿಂಡಾಗಿ ಬಂದು ಸೇರತೊಡಗಿದಾಗ ಗುರುಗಳಿಗೆ ಗಾಬರಿಯಾಯಿತು ನೋಡಿ! ಬಡಗಿಕೆಲಸ, ಲೋಹದ ಕೆಲಸ, ಭಿತ್ತಿಚಿತ್ರ ಎಲ್ಲ ಹೆಚ್ಚಿನಂಶ ಗಂಡುಹುಡುಗರಿಗೆ, ಹೆಣ್ಣುಮಕ್ಕಳಿಗೆ ನೇಯ್ಗೆ ಅಂತ ದಾರಿ ತಿರುಗಿಸಿದರು. ಆನಿಗೆ ಗಾಜಿನ ಕೆಲಸ ಕಲಿಯುವ ಆಸೆ ಇತ್ತು. ಸಿಗಲಿಲ್ಲ. ನೇಯ್ಗೆ ಅಂದರೆ ಅವಳಿಗೆ ಆಗ ಏನೂ ಗೌರವ ಇರಲಿಲ್ಲ, ಅದು ತೀರಾ ಹೆಂಗಸರ ಕೆಲಸ ಅಂತ ಮೂಗು ಮುರಿದವಳೇ. ಬೇರೆ ಬಾಗಿಲು ತೆರೆಯದ ಕಾರಣಕ್ಕೆ ಮಗ್ಗದ ಮುಂದೆ ಕೂತಳು.

ಕೂತ ಮೇಲೆ ಏನಾಯಿತು ಅನ್ನುವುದು ಮುಖ್ಯ. ಮಗ್ಗ ಅಂದರೆ ಹಾಸು ಮತ್ತು ಹೊಕ್ಕು, ಎರಡೇ ದಿಕ್ಕು. ಉದ್ದಕ್ಕೆ ಹೋಗುವ ಎಳೆ, ಅಡ್ಡಕ್ಕೆ ಹೋಗುವ ಎಳೆ. ಇಷ್ಟರಲ್ಲೇ ಏನು ಮಾಡಿದರೂ ಮಾಡಬೇಕು. (ನಮ್ಮ ಕನ್ನಡದಲ್ಲಿ ಒಂದು ವಿಷಯ ಬದುಕಿನೊಳಗೆ ಬೆರೆತುಹೋಗಿದೆ ಅನ್ನಲು ‘ಹಾಸುಹೊಕ್ಕಾಗಿದೆ’ ಅನ್ನುತ್ತೇವಲ್ಲ, ಆ ಮಾತು ಬಂದದ್ದೇ ಮಗ್ಗದಿಂದ. ಭಾಷೆ ನೇಕಾರನನ್ನು ಮರೆತಿಲ್ಲ, ನಾವು ಮರೆತಿದ್ದೇವೆ.) ಈ ಕಟ್ಟುಪಾಡನ್ನೇ ಆನಿ ಹಿಡಿದುಕೊಂಡಳು. ದಾರ ಏನನ್ನು ಮಾಡಲು ಒಪ್ಪುತ್ತದೆ, ಏನನ್ನು ಒಪ್ಪುವುದಿಲ್ಲ ಅಂತ ಅದರ ಮಾತು ಕೇಳುತ್ತಾ ಹೋದಳು. 1930ರಲ್ಲಿ ಬೌಹೌಸ್‌ನ ಡಿಪ್ಲೊಮಾಕ್ಕಾಗಿ ಅವಳು ನೇಯ್ದದ್ದು ಬೆರ್ನೌ ಎಂಬಲ್ಲಿನ ಕಾರ್ಮಿಕ ಸಂಘಗಳ ಶಾಲೆಯ ಸಭಾಂಗಣದ ಗೋಡೆಗೆ ಒಂದು ಬಟ್ಟೆ. ಒಂದು ಮುಖದಲ್ಲಿ ಸೆಲೋಫೇನ್, ಅದು ಬೆಳಕನ್ನು ತಿರುಗಿ ಎಸೆಯುತ್ತದೆ. ಇನ್ನೊಂದು ಮುಖದಲ್ಲಿ ಮೆತ್ತನೆಯ ಶೆನಿಲ್ ನೂಲು, ಅದು ಸದ್ದನ್ನು ಕುಡಿಯುತ್ತದೆ. ಇಂಥ ಬಟ್ಟೆಯನ್ನು ‘ಹೆಂಗಸರ ಕೈಕೆಲಸ’ ಅಂತ ಬದಿಗೆ ಸರಿಸುವುದು ಹೇಗೆ, ನೀವೇ ಹೇಳಿ.

1925ರಲ್ಲಿ ಅವಳ ಮದುವೆ ಅದೇ ಶಾಲೆಯ ಜೋಸೆಫ್ ಆಲ್ಬರ್ಸ್ ಜೊತೆ ಆಗಿತ್ತು. 1933ರಲ್ಲಿ ನಾಜಿಗಳ ಒತ್ತಡದಿಂದ ಬೌಹೌಸ್ ಬಾಗಿಲು ಹಾಕಿತು. ಯಹೂದಿ ಮೂಲದ ಹೆಂಡತಿ, ಕೆಲಸ ಕಳೆದುಕೊಂಡ ಗಂಡ. ಆ ಹೊತ್ತಿಗೆ ಅಮೆರಿಕದ ಫಿಲಿಪ್ ಜಾನ್ಸನ್ ಅನ್ನೋ ವಾಸ್ತುಶಿಲ್ಪಿಯ ಶಿಫಾರಸಿನಿಂದ ನಾರ್ತ್ ಕೆರೊಲಿನಾದಲ್ಲಿ ಅದೇ ವರ್ಷ ಹೊಸದಾಗಿ ಶುರುವಾಗಿದ್ದ ಬ್ಲ್ಯಾಕ್ ಮೌಂಟನ್ ಕಾಲೇಜಿಗೆ ಇಬ್ಬರಿಗೂ ಕರೆ ಬಂತು. 1933ರ ನವೆಂಬರಿನಲ್ಲಿ ಹಡಗು ಇಳಿದರು. ಜೋಸೆಫ್‌ಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆನಿಗೆ ಬರುತ್ತಿತ್ತು, ಮನೆಯಲ್ಲಿ ಪಾಠ ಹೇಳಿಸಿದ್ದರು. 1949ರವರೆಗೆ ಅಲ್ಲಿದ್ದರು, ಅಮೆರಿಕದ ಪ್ರಜೆಗಳೂ ಆದರು.

ಹೊಸ ನಾಡಿಗೆ ಬಂದವರು ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾಡುತ್ತಾರೆ. ಒಂದೋ ಬಿಟ್ಟು ಬಂದ ಊರನ್ನೇ ಉಪ್ಪಿನಕಾಯಿ ಹಾಕಿ ಭರಣಿಯಲ್ಲಿಟ್ಟುಕೊಳ್ಳುತ್ತಾರೆ, ಇಲ್ಲವೇ ಬಂದ ಊರಿನವರಿಗಿಂತ ಹೆಚ್ಚು ಆ ಊರಿನವರಾಗಿಬಿಡುತ್ತಾರೆ. ಎರಡೂ ನಮಗೆ ಹೊಸದಲ್ಲ, ನಮ್ಮ ಸಂಘಗಳಲ್ಲಿ ಎರಡೂ ಜಾತಿಯವರು ಅಕ್ಕಪಕ್ಕದ ಕುರ್ಚಿಯಲ್ಲೇ ಕೂತಿರುತ್ತಾರೆ. ಆನಿ ಮೂರನೆಯದನ್ನು ಮಾಡಿದಳು. 1935ರಿಂದ ಗಂಡಹೆಂಡಿರು ಮತ್ತೆ ಮತ್ತೆ ಮೆಕ್ಸಿಕೋಗೆ ಹೋದರು. ಅಲ್ಲಿನ ಹಳೆಯ ಶಿಲ್ಪ, ಮಣ್ಣಿನ ಗೊಂಬೆ, ಅದರಲ್ಲೂ ಪೆರುವಿನ ಪ್ರಾಚೀನ ನೇಯ್ಗೆಯ ತುಣುಕುಗಳು ಆಕೆಯನ್ನು ಹಿಡಿದುಬಿಟ್ಟವು. ಸಾವಿರಾರು ವರ್ಷಗಳ ಹಿಂದೆ, ಬರಹ ಇಲ್ಲದ ಜನ, ಸೊಂಟಕ್ಕೆ ಕಟ್ಟಿಕೊಳ್ಳುವ ಮಗ್ಗದಲ್ಲಿ ಇಂಥದ್ದನ್ನು ನೇಯ್ದರಲ್ಲ ಅಂತ. ಬರ್ಲಿನ್‌ನಿಂದ ಬಂದ ಆಧುನಿಕ ಶಾಲೆಯ ಶಿಕ್ಷಕಿ ಕಾಲೇಜಿನ ಮಕ್ಕಳನ್ನು ದೊಡ್ಡ ಮಗ್ಗಕ್ಕೆ ಕೂರಿಸುವ ಬದಲು ಆ ಸೊಂಟದ ಮಗ್ಗದಿಂದ ಪಾಠ ಶುರುಮಾಡಿದಳು. 1965ರಲ್ಲಿ ನೇಯ್ಗೆಯ ಬಗ್ಗೆ ದೊಡ್ಡ ಪುಸ್ತಕ ಬರೆದಾಗ ಅದನ್ನು ಅರ್ಪಿಸಿದ್ದು ಬೌಹೌಸ್‌ನ ಯಾವ ಗುರುವಿಗೂ ಅಲ್ಲ, ಪೆರುವಿನ ಆ ಹೆಸರಿಲ್ಲದ ನೇಕಾರರಿಗೆ. ತನ್ನ ಗುರುಗಳು ಅವರೇ ಅಂದಳು. ಬಂದ ಊರನ್ನೂ ಬಿಟ್ಟ ಊರನ್ನೂ ದಾಟಿ ತನಗೊಂದು ಮೂರನೆಯ ತವರನ್ನು ಹುಡುಕಿಕೊಂಡಿದ್ದಳು.

ಇದೇ ಕಾಲದಲ್ಲಿ, 1940ರ ಸುಮಾರಿಗೆ, ಅಲೆಕ್ಸಾಂಡರ್ ರೀಡ್ ಎಂಬ ವಿದ್ಯಾರ್ಥಿಯ ಜೊತೆ ಸೇರಿ ಆಭರಣ ಮಾಡಿದಳು. ಚಿನ್ನದ್ದಲ್ಲ. ಸಿಂಕಿನ ತೂತಿಗೆ ಹಾಕುವ ಜಾಲರಿ, ಅದಕ್ಕೆ ಪೇಪರ್ ಕ್ಲಿಪ್‌ಗಳ ಸರ! ಮೆಕ್ಸಿಕೋದ ಮೊಂಟೆ ಆಲ್ಬಾನ್‌ನಲ್ಲಿ ಸಿಕ್ಕ ಪುರಾತನ ಒಡವೆಗಳಲ್ಲಿ ಬಂಗಾರದ ಪಕ್ಕದಲ್ಲೇ ಕಪ್ಪೆಚಿಪ್ಪು, ಸಾದಾ ಕಲ್ಲು ಪೋಣಿಸಿದ್ದನ್ನು ಕಂಡು ಹೊಳೆದದ್ದು. ವಸ್ತು ದುಬಾರಿಯಾದ ಮಾತ್ರಕ್ಕೆ ಒಡವೆ ದೊಡ್ಡದಾಗುವುದಿಲ್ಲ ಅನ್ನೋ ಮಾತನ್ನು ಭಾಷಣ ಮಾಡದೆ ಕೊರಳಿಗೆ ಹಾಕಿ ತೋರಿಸಿದಳು.

1949ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಆಕೆಯ ನೇಯ್ಗೆಯ ಪ್ರದರ್ಶನ ಇಟ್ಟಿತು. ಆ ಮ್ಯೂಸಿಯಂ ಒಬ್ಬ ನೇಯ್ಗೆ ಕಲಾವಿದರಿಗಾಗಿಯೇ ಪೂರ್ತಿ ಪ್ರದರ್ಶನ ಏರ್ಪಡಿಸಿದ್ದು ಅದೇ ಮೊದಲು. ಇಲ್ಲಿಗೆ ಕತೆ ಸುಖಾಂತ ಆಗಬೇಕಿತ್ತು. ಆಗಲಿಲ್ಲ. 1950ರಲ್ಲಿ ಜೋಸೆಫ್‌ಗೆ ಯೇಲ್ ವಿಶ್ವವಿದ್ಯಾಲಯದಲ್ಲಿ ವಿಭಾಗದ ಮುಖ್ಯಸ್ಥರ ಕೆಲಸ ಸಿಕ್ಕಿತು. ಆನಿ ಮನೆಯಲ್ಲಿ ಮಗ್ಗ ಇಟ್ಟುಕೊಂಡು ನೇಯ್ದಳು. ಚೌಕದೊಳಗೆ ಚೌಕ ಇಟ್ಟ ಬಣ್ಣದ ಚಿತ್ರಗಳಿಂದ ಜೋಸೆಫ್ ಜಗತ್ತಿಗೆಲ್ಲ ಗೊತ್ತಾದ. ಆನಿ ಬಹಳ ಜನರಿಗೆ ಜೋಸೆಫ್‌ನ ಹೆಂಡತಿ, ‘ಅವರೂ ಏನೋ ನೇಯುತ್ತಾರಂತೆ’.

ಈಗ ನನ್ನ ವಾದದ ಮುಖ್ಯ ಭಾಗಕ್ಕೆ ಬರುತ್ತೇನೆ. 1963ರಲ್ಲಿ ಲಾಸ್ ಏಂಜಲೀಸ್‌ನ ಟ್ಯಾಮರಿಂಡ್ ಲಿಥೋಗ್ರಫಿ ವರ್ಕ್‌ಶಾಪಿಗೆ ಜೋಸೆಫ್‌ನನ್ನು ಕರೆದಿದ್ದರು. (ಹೌದು, ಟ್ಯಾಮರಿಂಡ್ ಅಂದರೆ ನಮ್ಮ ಹುಣಸೆಯೇ. ಅದಿದ್ದ ರಸ್ತೆಯ ಹೆಸರು ಅದು.) ಜೊತೆಗೆ ಹೋಗಿದ್ದ ಆನಿಗೆ ಅಲ್ಲಿನ ಸ್ಥಾಪಕಿ ಜೂನ್ ವೇಯ್ನ್, ನೀವೂ ಒಂದು ಕೈ ನೋಡಿ ಅಂದಳು. ಆಗ ಆನಿಗೆ ಅರವತ್ತನಾಲ್ಕು ವರ್ಷ. ನಮ್ಮಲ್ಲಾದರೆ ರಿಟೈರಾಗಿ ಬೆಳಿಗ್ಗೆ ವಾಕಿಂಗ್, ಸಂಜೆ ಭಜನೆ.

ಕಲ್ಲಚ್ಚು ನಮಗೆ ಅಪರಿಚಿತ ಅಲ್ಲ. ನಮ್ಮ ಅಜ್ಜಿಯರ ದೇವರ ಮನೆಯಲ್ಲಿದ್ದ ರವಿವರ್ಮನ ಲಕ್ಷ್ಮಿ ಸರಸ್ವತಿಯರು ಬಂದದ್ದು ಕಲ್ಲಚ್ಚಿನಿಂದಲೇ. ಆ ಪ್ರೆಸ್ಸು 1894ರಲ್ಲಿ ಇದೇ ಮುಂಬಯಿಯಲ್ಲಿ ಶುರುವಾಗಿ, ಆಮೇಲೆ ಲೋನಾವಳಾ ದಾಟಿದ ಮೇಲೆ ಬರುವ ಮಳವಲಿಗೆ ಹೋಯಿತು. ಪುಣೆಗೆ ಹೋಗುವಾಗ ಕಿಟಕಿಯಿಂದ ಆ ಸ್ಟೇಷನ್ ನೀವೂ ನೋಡಿರುತ್ತೀರಿ. ಎಣ್ಣೆಗೂ ನೀರಿಗೂ ಆಗಿಬರುವುದಿಲ್ಲ ಅನ್ನೋದೇ ಅದರ ಗುಟ್ಟು. ನಯವಾದ ಕಲ್ಲಿನ ಮೇಲೆ ಜಿಡ್ಡಿನ ಬಳಪದಲ್ಲಿ ಚಿತ್ರ ಬರೆದು, ಕಲ್ಲನ್ನು ಒದ್ದೆ ಮಾಡಿ, ಎಣ್ಣೆ ಶಾಯಿ ಹಚ್ಚಿದರೆ, ಶಾಯಿ ಗೆರೆಗೆ ಮಾತ್ರ ಅಂಟುತ್ತದೆ. ಕಾಗದ ಒತ್ತಿದರೆ ಚಿತ್ರ ಸಿದ್ಧ.

ನಾಲ್ಕು ದಶಕ ಹಾಸುಹೊಕ್ಕಿನ ಕಟ್ಟುಪಾಡಲ್ಲಿ ಕೆಲಸ ಮಾಡಿದ ಕೈಗೆ ಇದು ಬಿಡುಗಡೆ. ಕಲ್ಲಿನ ಮೇಲೆ ಗೆರೆ ಎತ್ತ ಬೇಕಾದರೂ ತಿರುಗಬಹುದು. 1964ರಲ್ಲಿ ಆಕೆ ಟ್ಯಾಮರಿಂಡ್‌ನಲ್ಲಿ ಮಾಡಿದ ಚಿತ್ರಮಾಲೆಯಲ್ಲಿ ಇರುವುದು ಬರೀ ದಾರಗಳು. ಸುತ್ತಿಕೊಂಡ, ಒಂದರೊಳಗೊಂದು ತೂರಿಕೊಂಡ, ಸಿಕ್ಕಾದ ದಾರಗಳು. ಮಗ್ಗದಿಂದ ಬಿಡಿಸಿಕೊಂಡ ನೂಲು ಕಾಗದದ ಮೇಲೆ ಓಡಾಡಿದ ಹಾಗಿವೆ. ಆಮೇಲೆ ಸ್ಕ್ರೀನ್ ಪ್ರಿಂಟ್, ಬಣ್ಣವೇ ಇಲ್ಲದ ಉಬ್ಬಚ್ಚು, ಆಫ್‌ಸೆಟ್ ಹೀಗೆ ಒಂದೊಂದೇ ವಿಧಾನ ಕಲಿತಳು. 1970ರ ಹೊತ್ತಿಗೆ ಮಗ್ಗಗಳನ್ನು ಬೇರೆಯವರಿಗೆ ಕೊಟ್ಟೇಬಿಟ್ಟಳು.

ಇಷ್ಟಾದ ಮೇಲೆ ಆನಿ ಒಂದು ಮಾತು ಹೇಳಿದಳು. ದಾರದಲ್ಲಿ ಮಾಡಿದರೆ ಜನ ಅದನ್ನು ಕೈಕಸುಬು ಅನ್ನುತ್ತಾರೆ, ಕಾಗದದ ಮೇಲೆ ಮಾಡಿದರೆ ಕಲೆ ಅನ್ನುತ್ತಾರೆ ಅಂತ. ಹಳಹಳಿಕೆಯಲ್ಲ, ತಾನು ಕಂಡ ಸತ್ಯವನ್ನು ನೆಟ್ಟಗೆ ಹೇಳಿದಳು ಅಷ್ಟೆ. ಅದೇ ಕಣ್ಣು, ಅದೇ ಕೈ, ಅದೇ ಗೆರೆ. ಬದಲಾದದ್ದು ಅಡಿಯಲ್ಲಿರುವ ವಸ್ತು ಮಾತ್ರ. ಅಷ್ಟಕ್ಕೇ ಗೌರವ ಬೇರೆಯಾಯಿತು ಅಂದರೆ, ನಾವು ಇಷ್ಟು ದಿನ ಗೌರವ ಕೊಟ್ಟದ್ದು ಕಲೆಗೋ ಕಾಗದಕ್ಕೋ?

ಇದು ಜರ್ಮನಿ ಅಮೆರಿಕದ ಮಾತು, ನಮಗೇನು ಅಂತ ಯಾರಾದರೂ ಅನ್ನಬಹುದು. ನಮಗೇ ಇದು ಹೆಚ್ಚು ತಟ್ಟಬೇಕು. ನಮ್ಮ ಮನೆಗಳಲ್ಲಿ ಇರುವ ಇಳಕಲ್ ಸೀರೆ ತೆಗೆದು ನೋಡಿ. ಒಡಲಿನ ಹಾಸು ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಒಂದೊಂದು ಎಳೆಗೂ ಕೊಂಡಿ ಹಾಕಿ ಎರಡನ್ನೂ ಜೋಡಿಸಿರುತ್ತಾರೆ. ಕಸೂತಿ ನೋಡಿ. ಗವಂತಿ, ಮುರಗಿ, ನೇಗಿ, ಮೆಂತೆ ಅಂತ ನಾಲ್ಕೇ ಹೊಲಿಗೆ. ಬಟ್ಟೆಯ ಮೇಲೆ ಮೊದಲೇ ಗೆರೆ ಬರೆದುಕೊಳ್ಳುವ ಹಾಗಿಲ್ಲ, ಎಳೆ ಎಣಿಸಿಯೇ ತೇರು, ಗೋಪುರ, ತುಳಸಿಕಟ್ಟೆ, ಆನೆ ಎಲ್ಲ ಮೂಡಬೇಕು. ಆನಿ ಆಲ್ಬರ್ಸ್ ವರ್ಷಗಟ್ಟಲೆ ಯೋಚಿಸಿದ ಚೌಕಳಿಯ ಲೆಕ್ಕ ನಮ್ಮ ಧಾರವಾಡದ ಕಡೆಯ ಅಜ್ಜಿಯರ ಬೆರಳ ತುದಿಯಲ್ಲಿತ್ತು. ನಮ್ಮಲ್ಲಿ ವಚನಕಾರನೇ ನೇಕಾರನಾಗಿದ್ದ, ಜೇಡರ ದಾಸಿಮಯ್ಯ. ಅವನ ವಚನಕ್ಕೆ ಗೋಷ್ಠಿ ನಡೆಸುತ್ತೇವೆ, ಅವನ ಮಗ್ಗಕ್ಕೆ ಒಂದು ಗಂಟೆಯೂ ಕೊಡುವುದಿಲ್ಲ.

ಇನ್ನು ಉತ್ತರ ಕನ್ನಡದ ಸಿದ್ದಿ ಹೆಂಗಸರು. ಆಫ್ರಿಕಾದಿಂದ ಶತಮಾನಗಳ ಹಿಂದೆ, ಬಹುಮಟ್ಟಿಗೆ ಗುಲಾಮರಾಗಿ ಬಂದವರ ಮಕ್ಕಳು ಮೊಮ್ಮಕ್ಕಳು. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆ ಹಳೆ ಸೀರೆಯ ತುಂಡುಗಳನ್ನು ಸೇರಿಸಿ ಅವರು ಹೊಲಿಯುವ ಕೌದಿಗಳು ಅಮೆರಿಕದ ಪ್ರದರ್ಶನಗಳ ಗೋಡೆಯ ಮೇಲೆ ತೂಗಿವೆ. ಕರ್ನಾಟಕಕ್ಕೇ ವಲಸೆ ಬಂದವರ ಕಲೆ ಅದು. ಅಲ್ಲಿ ನ್ಯೂಯಾರ್ಕಿನಲ್ಲಿ ಅದು ಕಲೆ, ಇಲ್ಲಿ ನಮ್ಮ ಅಟ್ಟದ ಮೇಲೆ ಅದೇ ಜಾತಿಯ ಕೌದಿ ‘ಹಳೇ ಹಾಸಿಗೆ’, ದೀಪಾವಳಿ ಸಫಾಯಿಯಲ್ಲಿ ಬೋಹಾರಣಿಗೆ ಕೊಟ್ಟು ಸ್ಟೀಲಿನ ಡಬ್ಬಿ ತೆಗೆದುಕೊಳ್ಳುವುದು!

ಇಲ್ಲಿಗೆ ನಿಲ್ಲಿಸಿದರೆ ಕತೆ ಅರ್ಧವೇ ಆಗುತ್ತದೆ. ಏಕೆಂದರೆ ಆನಿಯಂಥವರ ಬದುಕು ಓದಿದಾಗ ನಮ್ಮಲ್ಲಿ ಒಂದು ಮಾತು ಥಟ್ಟನೆ ಬರುತ್ತದೆ. ‘ಪ್ರತಿಭೆ ಇದ್ದರೆ ಎಲ್ಲಿಗೆ ಹೋದರೂ ಮೇಲೆ ಬರುತ್ತಾರೆ’ ಅಂತ. ಊರು ಬಿಟ್ಟು ಬಂದು ಫ್ಲ್ಯಾಟು, ಕಾರು ಮಾಡಿಕೊಂಡವರಿಗೆ ಈ ಮಾತು ಬಹಳ ಪ್ರಿಯ. ಅದಕ್ಕೆ ಇನ್ನೊಬ್ಬಳ ಹೆಸರು ಹೇಳಲೇಬೇಕು.

ಓಟಿ ಬರ್ಗರ್. ಆನಿಗಿಂತ ಒಂದು ವರ್ಷ ದೊಡ್ಡವಳು, ಇಂದು ಕ್ರೊಯೇಷಿಯಾದಲ್ಲಿರುವ ಒಂದು ಹಳ್ಳಿಯವಳು. ಕಿವಿ ಮಂದ. ಅದೇ ಬೌಹೌಸ್, ಅದೇ ನೇಯ್ಗೆ ವಿಭಾಗ. ಬಟ್ಟೆಯನ್ನು ಕಣ್ಣಿನಷ್ಟೇ ಬೆರಳಿನಿಂದಲೂ ಅರಿಯಬೇಕು ಅನ್ನುತ್ತಿದ್ದವಳು. ಬರ್ಲಿನ್‌ನಲ್ಲಿ ಸ್ವಂತ ನೇಯ್ಗೆ ಕಾರ್ಯಾಗಾರ ನಡೆಸಿ, ತನ್ನ ನೇಯ್ಗೆಗೆ ಪೇಟೆಂಟ್ ಕೂಡ ತೆಗೆದುಕೊಂಡಿದ್ದಳು. ಜಾಣ್ಮೆಯಲ್ಲಿ ಆನಿಗೆ ಒಂದೆಳೆಯೂ ಕಡಿಮೆ ಇಲ್ಲ. 1936ರಲ್ಲಿ ಯಹೂದಿ ಅಂತ ಕೆಲಸ ಮಾಡುವ ಹಕ್ಕನ್ನೇ ಕಿತ್ತುಕೊಂಡರು. 1937ರಲ್ಲಿ ಲಂಡನ್‌ಗೆ ಹೋದಳು. ಭಾಷೆ ಸರಿಯಾಗಿ ಬಾರದು, ಕಿವಿ ಕೇಳದು, ಕೆಲಸ ಸಿಗುವುದೇ ಕಷ್ಟವಾಯಿತು. ಷಿಕಾಗೋದಲ್ಲಿದ್ದ ಹಳೆಯ ಗೆಳೆಯರ ಕಡೆ ಹೋಗುವ ಆಸೆ ಇತ್ತು. ಅಷ್ಟರಲ್ಲಿ 1938ರಲ್ಲಿ ತಾಯಿಗೆ ಹುಷಾರಿಲ್ಲ ಅಂತ ಊರಿಗೆ ಹೋದಳು. ವೀಸಾ ಸಿಗಲೇ ಇಲ್ಲ. 1944ರಲ್ಲಿ ಆಷ್ವಿಟ್ಸ್‌ನಲ್ಲಿ ಕೊಂದುಹಾಕಿದರು.

ತಾಯಿಗೆ ಹುಷಾರಿಲ್ಲ ಅಂತ ಊರಿಗೆ ಹೋಗುವುದು... ನಮ್ಮಲ್ಲಿ ಯಾರು ಹೋಗಿಲ್ಲ ಹೇಳಿ?

ಇಬ್ಬರೂ ಒಂದೇ ಶಾಲೆಯವರು. ಒಬ್ಬಳಿಗೆ 1933ರಲ್ಲೇ ಒಂದು ಕರೆ ಬಂತು, ಗಂಡನ ಜೊತೆ ಬಂತು, ಭಾಷೆ ಗೊತ್ತಿತ್ತು. ಇನ್ನೊಬ್ಬಳಿಗೆ ಕಾಗದಪತ್ರ ಕೈಗೆ ಬರಲಿಲ್ಲ. ಒಬ್ಬಳು ಮ್ಯೂಸಿಯಂ, ಇನ್ನೊಬ್ಬಳು ಬೂದಿ. ಇದರಲ್ಲಿ ಪ್ರತಿಭೆಯ ಲೆಕ್ಕ ಎಲ್ಲಿ ಬಂತು? ಇದನ್ನು ಹೇಳಿ ಆನಿಯನ್ನು ಸಣ್ಣವಳನ್ನಾಗಿ ಮಾಡುತ್ತಿಲ್ಲ. ಆಕೆಗೆ ಇದು ಗೊತ್ತಿತ್ತು ಅಂತಲೇ ನನಗನ್ನಿಸುತ್ತದೆ. ಆಕೆಯ ಅಪ್ಪ ಅಮ್ಮ ಕೂಡ ಪಾರಾಗಿ ಬಂದದ್ದು 1939ರಲ್ಲಿ, ಮೆಕ್ಸಿಕೋದ ದಾರಿಯಿಂದ. 1966ರ ಹೊತ್ತಿಗೆ ನ್ಯೂಯಾರ್ಕಿನ ಜ್ಯೂಯಿಷ್ ಮ್ಯೂಸಿಯಂಗಾಗಿ ಆಕೆ ‘ಆರು ಪ್ರಾರ್ಥನೆಗಳು’ ಎಂಬ ಆರು ಉದ್ದನೆಯ ನೇಯ್ಗೆಗಳನ್ನು ಮಾಡಿದಳು, ನಾಜಿಗಳು ಕೊಂದ ಅರವತ್ತು ಲಕ್ಷ ಜನರ ನೆನಪಿಗೆ. ಕಪ್ಪು, ಬಿಳಿ, ಕಂದು, ನಡುವೆ ಬೆಳ್ಳಿಯ ಎಳೆ. ಓದಲಾಗದ ಲಿಪಿಯಂತೆ ದಾರಗಳು ಅಡ್ಡಾದಿಡ್ಡಿ ಸರಿಯುತ್ತವೆ. ಕಲ್ಲಚ್ಚಿನ ರುಚಿ ಹತ್ತಿದ ಮೇಲೆ, ಮಗ್ಗ ಬಿಡುವ ಮುಂಚೆ ಮಾಡಿದ ಕೆಲಸ ಅದು. ಆ ನೆನಪಿಗೆ ಕಾಗದ ಸಾಲಲಿಲ್ಲ, ನೂಲೇ ಬೇಕಾಯಿತು.

ಮುಂಬಯಿಗೆ ಬಂದ ನಮ್ಮ ಹಿರಿಯರ ಕತೆಯಲ್ಲೂ ಒಂದು ಕರೆ ಇದ್ದೇ ಇರುತ್ತದೆ ನೋಡಿ. ಊರಿನ ಯಾರೋ ಹೋಟೆಲಿನಲ್ಲಿ ತಟ್ಟೆ ತೊಳೆಯುವ ಕೆಲಸ ಕೊಡಿಸಿದ್ದು, ಯಾರೋ ಮಾವ ಖೋಲಿಯಲ್ಲಿ ಒಂದು ಚಾಪೆಯ ಜಾಗ ಕೊಟ್ಟದ್ದು, ಹಗಲು ದುಡಿದ ಹುಡುಗರಿಗೆ ಕನ್ನಡ ರಾತ್ರಿಶಾಲೆ ಮೆಟ್ರಿಕ್ ಮಾಡಿಸಿದ್ದು. ನಮ್ಮ ದುಡಿಮೆ ಸುಳ್ಳಲ್ಲ. ಆದರೆ ಆ ಚಾಪೆ ಇಲ್ಲದಿದ್ದರೆ ದುಡಿಮೆ ಎಲ್ಲಿ ಮಲಗುತ್ತಿತ್ತು? ಇದೇ ಊರಿನಲ್ಲಿ ಬಟ್ಟೆಯನ್ನೇ ನಂಬಿ ಬಂದ ಲಕ್ಷಾಂತರ ಜನರ ಗತಿ ಏನಾಯಿತು ಅಂತ ಲಾಲ್‌ಬಾಗ್ ಪರೇಲ್‌ನ ಹಳೆಯ ಚಾಳುಗಳನ್ನು ಕೇಳಿ. 1982ರ ಜನವರಿಯಲ್ಲಿ ಶುರುವಾದ ಮಿಲ್ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರಿದ್ದರು. ಎಷ್ಟೋ ಜನಕ್ಕೆ ಕೆಲಸ ಮತ್ತೆ ಸಿಗಲಿಲ್ಲ. ಅವರ ಮಿಲ್ಲುಗಳಿದ್ದ ಜಾಗದ ಮಾಲುಗಳಲ್ಲಿ ನಾವು ಬಟ್ಟೆ ಕೊಳ್ಳುತ್ತೇವೆ. ಅವರಲ್ಲಿ ಕೈಚಳಕ ಕಡಿಮೆ ಇತ್ತೇ?

ಲಂಡನ್ನಿನ ಟೇಟ್ ಮಾಡರ್ನ್ ಆನಿ ಆಲ್ಬರ್ಸ್‌ಗೆ ದೊಡ್ಡ ಪ್ರದರ್ಶನ ಇಟ್ಟದ್ದು 2018ರಲ್ಲಿ, ಆಕೆ ತೀರಿಕೊಂಡು ಇಪ್ಪತ್ನಾಲ್ಕು ವರ್ಷ ಆದ ಮೇಲೆ. ಗಂಡನಿಗೆ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಅಂಥ ಗೌರವ ಕೊಟ್ಟದ್ದು 1971ರಲ್ಲಿ, ಬದುಕಿದ್ದಾಗಲೇ. ನೂಲು ಕಾಯಬೇಕಾದ ಹೊತ್ತು ಎಷ್ಟು ಅನ್ನುವುದಕ್ಕೆ ಈ ಎರಡು ಇಸವಿ ಸಾಕು.

ಹಾಗಾದರೆ ನಾವು ಏನು ಮಾಡಬಹುದು? ದೊಡ್ಡ ಮ್ಯೂಸಿಯಂ ಕಟ್ಟಿ ಅಂತ ನಾನು ಹೇಳುತ್ತಿಲ್ಲ. ಸಂಘದ ವಾರ್ಷಿಕೋತ್ಸವದಲ್ಲಿ ಒಂದು ಗೋಡೆ ಬಿಡಿ. ಮನೆಮನೆಯಿಂದ ಒಂದೊಂದು ಕೌದಿ, ಒಂದು ಕಸೂತಿ ಕುಬುಸ, ಒಂದು ಇಳಕಲ್ ಸೀರೆ, ಕ್ರೋಶಾದ ಒಂದು ತೋರಣ ತಂದು ತೂಗುಹಾಕಿ. ಅಡಿಯಲ್ಲಿ ಒಂದು ಚೀಟಿ ಇರಲಿ: ಮಾಡಿದವರ ಹೆಸರು, ಊರು, ಮುಂಬಯಿಗೆ ಬಂದ ವರ್ಷ. ಸೀರೆ ನೇಯ್ದವರ ಹೆಸರು ಗೊತ್ತಿಲ್ಲದಿದ್ದರೆ ‘ಇಳಕಲ್ಲಿನ ನೇಕಾರರು’ ಅಂತಲಾದರೂ ಬರೆಯಿರಿ, ಆನಿ ಪೆರುವಿನವರಿಗೆ ಮಾಡಿದ ಹಾಗೆ. ಮತ್ತೆ ಸಂಘದ ಕಚೇರಿಗೆ ಹೊಸದಾಗಿ ಊರಿಂದ ಬಂದ ಹುಡುಗನೋ ಹುಡುಗಿಯೋ ಕೆಲಸ ಕೇಳಿಕೊಂಡು ಬಂದರೆ, ‘ಪ್ರತಿಭೆ ಇದ್ದರೆ ಮೇಲೆ ಬರ್ತೀಯಪ್ಪ’ ಅಂತ ಬೆನ್ನು ತಟ್ಟಿ ಕಳಿಸುವ ಬದಲು ಒಂದು ಫೋನು ಮಾಡಿ, ಒಂದು ಕಾಗದ ಬರೆದುಕೊಡಿ. ಕಾಗದಕ್ಕೆ ಇರುವ ನಿಜವಾದ ಬೆಲೆ ಅದು.

ಈ ಭಾನುವಾರ ಅಟ್ಟ ಹತ್ತಿ ಟ್ರಂಕು ತೆಗೆಯಿರಿ. ಕೌದಿ ಸಿಕ್ಕರೆ ಮಗ್ಗುಲು ತಿರುಗಿಸಿ ಹೊಲಿಗೆ ನೋಡಿ. ಹೊಲಿದವರ ಹೆಸರು ನೆನಪಿರುವ ಒಬ್ಬರಾದರೂ ಮನೆಯಲ್ಲಿ ಇನ್ನೂ ಇದ್ದರೆ, ಇವತ್ತೇ ಕೇಳಿ ಬರೆದಿಟ್ಟುಕೊಳ್ಳಿ.